ಎಂಟನೇ ಪುಟದ ಹಗೆ

ಆ ಕೆರೆಯ ತಳದ ನೀರನ್ನು ಮೊದಲ ಸಲ ಮೇಲೆತ್ತಿ ಬಾಟಲಿಗೆ ಬಗ್ಗಿಸಿದಾಗ, ತೆಪ್ಪದಲ್ಲಿ ನನ್ನೆದುರು ಕೂತಿದ್ದ ಮೀನುಗಾರರ ಸಂಘದ ಅಧ್ಯಕ್ಷರು ಟವೆಲಿನಿಂದ ಮೂಗು ಮುಚ್ಚಿಕೊಂಡರು.

"ಇದೇನಮ್ಮಾವ್ರೇ, ಕೊಳ್ತೋದ್ ಮೊಟ್ಟೆ ನಾರ್ದಂಗೆ ನಾರ್ತದೆ! ಮ್ಯಾಲ್ಗಡೆ ನೀರು ಇಂಗಿಲ್ವಲ್ಲ?"

"ಕೆಳಗಿನ ನೀರಿಗೆ ಉಸಿರಿಲ್ಲ" ಅಂದೆ.

ಹಳ್ಳಿಮೈಸೂರಿನಿಂದ ತುಸು ಒಳಗೆ ಹೋದರೆ ಸಿಗುವ ಕೆರೆ ಅದು. ಹೆಸರು ಬೇಡ. ನಾನು ಆಗ ಹಾಸನದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡುತ್ತಿದ್ದೆ. ದಿನಾ ಹೊಳೆನರಸೀಪುರದ ಮನೆಯಿಂದ ಬಸ್ಸಿನಲ್ಲಿ ಓಡಾಟ. ಊರಿನ ಚರಂಡಿ ನೀರು ಸೇರಿ ಸೇರಿ ಕೆರೆ ಹಸಿರುಗಟ್ಟಿತ್ತು. ಅದಕ್ಕೆ ಗಾಳಿ ಊದಿಸಿ ನೀರನ್ನು ಸರಿಪಡಿಸುವ ಕೆಲಸ ಹಾಸನದ ಒಬ್ಬ ಗುತ್ತಿಗೆದಾರನಿಗೆ ಸಿಕ್ಕಿತ್ತು. ಏರಿಯ ಮೇಲೊಂದು ಕಂಪ್ರೆಸರ್. ಅದರಿಂದ ನೀರೊಳಗೆ ಇಳಿದ ಪೈಪುಗಳು. ಪೈಪಿನ ತುದಿಗೆ, ಕೆರೆಯ ತಳದಲ್ಲಿ, ಸಣ್ಣ ತೂತುಗಳ ರಬ್ಬರ್ ತಟ್ಟೆಗಳು. ತಟ್ಟೆಯಿಂದ ಏಳುವ ಗುಳ್ಳೆಗಳು ತಳದ ನೀರನ್ನು ಮೇಲಕ್ಕೆ ತರುತ್ತವೆ, ಮೇಲೆ ಬಂದ ನೀರು ಗಾಳಿ ಕುಡಿದು ಮತ್ತೆ ಕೆಳಗಿಳಿಯುತ್ತದೆ. ಒಳ್ಳೆಯ ವಿಧಾನ. ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಶುರು ಮಾಡುವ ಮೊದಲು ನೀರಿನ ಸ್ಥಿತಿ ನೋಡಿ ವರದಿ ಕೊಡುವುದು ನನ್ನ ಕೆಲಸವಾಗಿತ್ತು.

ನೀರಿನ ಆಮ್ಲಜನಕ ಅಳೆಯುವ ಮೀಟರಿನ ಕೇಬಲ್ಲಿಗೆ ಅಡಿಗೊಂದರಂತೆ ಕರಿ ಟೇಪು ಸುತ್ತಿಕೊಂಡಿದ್ದೆ. ತೂಬಿನ ಪಕ್ಕ, ಏರಿಯ ಮೇಲೆ ಮುರಿದುಹೋದ ಒಂದು ವೀರಗಲ್ಲಿದೆ. ಅದರ ಎದುರಿಗೇ ಕೆರೆಯ ಅತಿ ಆಳದ ಜಾಗ, ಹದಿನಾರು ಅಡಿ. ಅಲ್ಲಿ ತೆಪ್ಪ ನಿಲ್ಲಿಸಿಕೊಂಡು ಮೂರು ವಾರ ಅಳೆದೆ. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ. ಮೇಲಿನ ಆರು ಅಡಿ ನೀರಿನಲ್ಲಿ ಆಮ್ಲಜನಕ ಚೆನ್ನಾಗಿತ್ತು. ಏಳನೇ ಅಡಿಗೆ ಮುಳ್ಳು ಕುಸಿಯುತ್ತಿತ್ತು. ಒಂಬತ್ತರಿಂದ ಕೆಳಗೆ ಸೊನ್ನೆ. ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ, ನಡುವೆ ಕಾಣದ ಮುಚ್ಚಳ ಹಾಕಿದ ಹಾಗೆ. ಮೀನೆಲ್ಲ ಆ ಮೇಲಿನ ಆರು ಅಡಿಯಲ್ಲೇ ಬದುಕಿಕೊಂಡಿದ್ದವು.

ಹಾಗಾಗಿ ವರದಿಯ ಎಂಟನೇ ಪುಟವನ್ನು ನಾನು ಶುರು ಮಾಡುವ ಕ್ರಮಕ್ಕೆಂದೇ ಬರೆದೆ. ಎಲ್ಲ ತಟ್ಟೆಗಳನ್ನೂ ಒಟ್ಟಿಗೆ ಚಾಲೂ ಮಾಡಬಾರದು. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ಏರಿಸುತ್ತ ಹೋಗಬೇಕು. ದಿನಾ ಸೂರ್ಯ ಹುಟ್ಟುವ ಮೊದಲು ತೂಬಿನ ಪಕ್ಕದ ಮುರಿದ ವೀರಗಲ್ಲಿನ ಎದುರು ಅಳೆಯಬೇಕು. ಮೇಲಿನ ನೀರಿನಲ್ಲಿ ಆಮ್ಲಜನಕ ಲೀಟರಿಗೆ ಮೂರು ಮಿಲಿಗ್ರಾಮಿಗಿಂತ ಕಮ್ಮಿ ಬಂದರೆ ಆ ದಿನ ಕಂಪ್ರೆಸರ್ ಮುಟ್ಟಬಾರದು. ತಳದ ಸತ್ತ ನೀರು ಒಂದೇ ಸಲಕ್ಕೆ ಮೇಲೆ ಬಂದರೆ ಮೇಲಿನ ಉಸಿರನ್ನೆಲ್ಲ ನುಂಗಿಬಿಡುತ್ತದೆ ಎಂದು ಕಾರಣವನ್ನೂ ಬರೆದೆ. ವರದಿ ಗುತ್ತಿಗೆದಾರನಿಗೆ ಹೋಯಿತು.

ಉದ್ಘಾಟನೆಯ ದಿನ ಏರಿಯ ಮೇಲೆ ಶಾಮಿಯಾನ. ಬೆಳಿಗ್ಗೆ ಹತ್ತಕ್ಕೆ ಗಣ್ಯರೊಬ್ಬರು ಗುಂಡಿ ಒತ್ತಿದರು. ಹನ್ನೆರಡು ತಟ್ಟೆಗಳೂ ಒಟ್ಟಿಗೆ ಚಾಲೂ ಆದವು. ಕೆರೆಯ ನಡುವೆ ಹನ್ನೆರಡು ಕಡೆ ನೀರು ಕುದಿದಂತೆ ಎದ್ದಿತು, ಜನ ಚಪ್ಪಾಳೆ ಹೊಡೆದರು. ಹತ್ತು ನಿಮಿಷಕ್ಕೆ ಹಸಿರು ನೀರು ಕಪ್ಪು ಟೀ ಬಣ್ಣಕ್ಕೆ ತಿರುಗಿತು. ಆ ವಾಸನೆ ಶಾಮಿಯಾನದವರೆಗೂ ಬಂತು.

ನಾನು ಗುತ್ತಿಗೆದಾರನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಆಫ್ ಮಾಡಿಸಿ, ಈಗಲೇ ಆಫ್ ಮಾಡಿಸಿ" ಅಂದೆ.

ಅವನು ಗಣ್ಯರ ಕಡೆ ನಗುತ್ತಲೇ ನನಗೆ ಉತ್ತರ ಕೊಟ್ಟ. "ಕೆಟ್ಟ ಗ್ಯಾಸ್ ಹೊರಗೆ ಹೋಗ್ತಿದೆ, ಒಳ್ಳೇದೇ ಅಲ್ವಾ ಮೇಡಂ? ನಿಮ್ಮ ಕೆಲಸ ಬಾಟ್ಲಿ ತುಂಬೋದು. ತುಂಬಿ ಆಯ್ತಲ್ಲ, ಊಟ ಮಾಡ್ಕೊಂಡು ಹೊರಡಿ."

ಗುತ್ತಿಗೆದಾರನನ್ನು ಬಹುವಚನದಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಓದುವವರು ಕ್ಷಮಿಸಬೇಕು.

ಸಂಜೆಯವರೆಗೂ ಕಂಪ್ರೆಸರ್ ಓಡಿತು. ಮರುದಿನ ಬೆಳಿಗ್ಗೆ ನಾನು ಕೆರೆ ತಲುಪುವ ಹೊತ್ತಿಗೆ ಏರಿಯ ಉದ್ದಕ್ಕೂ ಜನ ನಿಂತಿದ್ದರು. ದೊಡ್ಡ ಕಾಟ್ಲಾ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಇನ್ನೂ ಜೀವ ಇದ್ದವು ಬಾಯಿಯನ್ನು ನೀರಿನ ಮೇಲಕ್ಕೆ ಚಾಚಿ ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಅಧ್ಯಕ್ಷರು ಸೊಂಟದವರೆಗೆ ನೀರಿಗಿಳಿದು, ಸತ್ತ ಮೀನುಗಳನ್ನು ಎರಡೂ ಕೈಯಲ್ಲಿ ತಬ್ಬಿ ತಬ್ಬಿ ದಡಕ್ಕೆ ಹಾಕುತ್ತಿದ್ದರು. ಆ ಮೀನು ಅವರ ಸಂಘದ ಮೂವತ್ತು ಮನೆಯವರ ಎರಡು ವರ್ಷದ ದುಡಿಮೆ. ಮಧ್ಯಾಹ್ನ ಜೆಸಿಬಿ ಬಂದು ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿತು.

ಆ ವಾರವೇ ಪಂಚಾಯಿತಿ ಕಚೇರಿಯಲ್ಲಿ ಸಭೆ ಆಯಿತು. ಗುತ್ತಿಗೆದಾರ ನನ್ನ ವರದಿಯನ್ನು ಮೇಜಿನ ಮೇಲಿಟ್ಟ. ಏಳು ಪುಟ.

"ಇದರಲ್ಲಿ ಎಲ್ಲಾದರೂ ಎಚ್ಚರಿಕೆ ಅಂತ ಒಂದು ಸಾಲು ಇದ್ರೆ ತೋರಿಸಿ" ಎಂದು ಎಲ್ಲರನ್ನೂ ನೋಡಿದ. "ಮೀಟರ್ ಹಿಡಿಯೋಕೆ ಬರದವರನ್ನ ಲ್ಯಾಬಿನವರು ಕಳಿಸಿದ್ರು. ನಾವು ನಂಬಿದ್ವಿ. ತಪ್ಪು ಯಾರದು?"

ಎಂಟನೇ ಪುಟ ಇತ್ತು ಎಂದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಪ್ರಯೋಗಾಲಯದ ಮಾಲೀಕರು ತಲೆ ಎತ್ತಲಿಲ್ಲ. ಅವರಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಗುತ್ತಿಗೆದಾರನ ಕಡೆಯದು. ಕಚೇರಿಗೆ ಮರಳಿ ನೋಡಿದರೆ ಕಡತದಲ್ಲೂ ಏಳೇ ಪುಟ, ನನ್ನ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಗಿತ್ತು. ತಿಂಗಳ ಕೊನೆಗೆ ಮಾಲೀಕರು, ಇನ್ನು ಕೆಲಸಕ್ಕೆ ಬರುವುದು ಬೇಡ ಎಂದರು. ಹೊಳೆನರಸೀಪುರದಲ್ಲಿ ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ದೇವಸ್ಥಾನದ ಬೀದಿಯಲ್ಲಿ ಎದುರಾದವರು, "ಅದೇನೋ ಮೀನು ಸತ್ತೋದ್ವಂತಲ್ಲ ನಿಮ್ಮಿಂದ?" ಎಂದು ಕುಶಲ ಕೇಳುವ ದನಿಯಲ್ಲೇ ಕೇಳುತ್ತಿದ್ದರು.

ನಾನು ಜಗಳಗಂಟಿಯಲ್ಲ. ಆದರೆ ಆ ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ ಬೆಳಿಗ್ಗೆ ಎದ್ದ ಕೂಡಲೇ ನನಗೆ ನೆನಪಾಗುತ್ತಿದ್ದುದು ಅವನ ನಗು. ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ವಾರಕ್ಕೆ ಮೂರು ದಿನದ ಕೆಲಸ ಹಿಡಿದೆ. ಹಳೆಯದೊಂದು ಮೀಟರ್ ಕೊಂಡೆ. ಮಿಕ್ಕ ದಿನಗಳಲ್ಲಿ ಅವನು ಗುತ್ತಿಗೆ ಹಿಡಿದ ಕೆರೆಗಳನ್ನು ಹುಡುಕಿಕೊಂಡು ತಿರುಗಿದೆ. ಅರಕಲಗೂಡು ಕಡೆಯ ಎರಡು ಕೆರೆಗಳಲ್ಲಿ ಅವನು ಬರೀ ಕಾರಂಜಿ ಕೂರಿಸಿದ್ದ. ನೀರು ಚಿಮ್ಮುವುದು ನೋಡಲು ಚೆಂದ, ಆದರೆ ಮೇಲಿನ ಎರಡು ಮೂರು ಅಡಿ ನೀರನ್ನೇ ತಿರುತಿರುಗಿ ಎರಚುತ್ತಿತ್ತು. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಅದರಿಂದ ಅವನನ್ನು ಕೆಡವಲಾಗುತ್ತಿರಲಿಲ್ಲ.

ಹಳ್ಳಿಮೈಸೂರು ಕಡೆಯ ಅಧ್ಯಕ್ಷರು ನನ್ನ ಜೊತೆ ಬರತೊಡಗಿದರು. ಏಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಫೆಬ್ರುವರಿಯಲ್ಲಿ ಸಿಕ್ಕಿತು, ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯಿಂದ ಒಳಗಿರುವ ಒಂದು ಕೆರೆ. ಕಂಪ್ರೆಸರ್ ಅದೇ, ತಟ್ಟೆಗಳು ಅವೇ, ಈ ಸಲ ಹದಿನಾರು. ಏಪ್ರಿಲ್ ಮೊದಲಲ್ಲಿ ಉದ್ಘಾಟನೆ ಎಂದರು. ಅಲ್ಲಿ ಮೀನು ಸಾಕುತ್ತಿದ್ದುದು ಮಹಿಳೆಯರ ಸಂಘ. ಅದರ ಯಜಮಾನಿ ಐವತ್ತರ ಹತ್ತಿರದ ಗಟ್ಟಿ ಹೆಂಗಸು, ತಾನೇ ಹುಟ್ಟು ಹಾಕುತ್ತ ನನ್ನನ್ನು ಕೆರೆಯ ನಡುವಿಗೆ ಕರೆದುಕೊಂಡು ಹೋದಳು. ನಾನು ಕೇಬಲ್ ಇಳಿಸಿದೆ. ಏಳನೇ ಅಡಿಯಿಂದ ಕೆಳಗೆ ಸೊನ್ನೆ. ನಮ್ಮ ಕೆರೆಗಿಂತಲೂ ಕೆಟ್ಟದು. ಆ ಅಂಕಿ ನೋಡಿ ನನಗಾದದ್ದು ಸಂತೋಷ. ಬೇರೆ ಹೆಸರು ಕೊಟ್ಟರೆ ಸುಳ್ಳಾಗುತ್ತದೆ.

ನನ್ನ ಲೆಕ್ಕ ಸರಳವಾಗಿತ್ತು. ಈಗಿನ ಅಳತೆಗಳನ್ನೆಲ್ಲ ಬರೆದು, ಮುಂದೆ ಏನಾಗುತ್ತದೆ ಎಂಬುದನ್ನೂ ಬರೆದು, ನನ್ನ ವಿಳಾಸಕ್ಕೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಳ್ಳುವುದು. ಅಂಚೆ ಮುದ್ರೆಯ ತಾರೀಕು ಇರುವ ಲಕೋಟೆಯನ್ನು ಒಡೆಯದೆ ಇಡುವುದು. ಅವನು ಗುಂಡಿ ಒತ್ತಿಸಲಿ. ಮೀನು ಸಾಯಲಿ. ಆಮೇಲೆ ಎಲ್ಲರ ಮುಂದೆ ಲಕೋಟೆ ಒಡೆಯುವುದು. ಒಂದು ಕೆರೆ ಆದರೆ ಲ್ಯಾಬಿನವಳ ತಪ್ಪು ಎನ್ನಬಹುದು. ಎರಡು ಕೆರೆಯಾದರೆ ಅವನು ಮತ್ತೆ ಯಾವ ಕೆರೆಯ ಏರಿಯನ್ನೂ ಹತ್ತಲಾರ.

ಎರಡನೇ ಸಲ ನೀರು ತೆಗೆದು ಹೊರಟಾಗ ಯಜಮಾನಿ ತಡೆದು ಕೇಳಿದಳು. "ಅಕ್ಕಾ, ಎಲ್ಡ್ ಸಲ ಬಂದು ನೀರ್ ತಗಂಡೋದ್ರಿ. ನಮ್ ಕೆರೆ ಎಂಗದೆ ಅಂತ ಒಂದ್ ಮಾತೂ ಯೋಳ್ಲಿಲ್ವಲ್ಲ?"

"ಚೆನ್ನಾಗಿದೆಯಮ್ಮ" ಅಂದೆ.

ಅವಳು ಖುಷಿಯಿಂದ ನನಗೂ ಜೊತೆಗಿದ್ದ ಅಧ್ಯಕ್ಷರಿಗೂ ಮಜ್ಜಿಗೆ ತಂದು ಕೊಟ್ಟಳು. ಕುಡಿದೆ.

ಹಿರೀಸಾವೆಯ ರಸ್ತೆ ಬದಿಯ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತ ಕಾಫಿ ತರಿಸಿದೆವು. ಅಧ್ಯಕ್ಷರು ಲೋಟ ಮುಟ್ಟಲಿಲ್ಲ.

"ಅಮ್ಮಾವ್ರೇ, ಆಯಮ್ಮಂಗೆ ಯಾಕ್ ಸುಳ್ಳ್ ಯೋಳುದ್ರಿ?"

"ನಿಜ ಹೇಳಿದ್ರೆ ಸುದ್ದಿ ಅವನಿಗೆ ಮುಟ್ಟುತ್ತೆ. ಅವನು ತಪ್ಪಿಸ್ಕೋತಾನೆ."

"ಮೀನು?"

ನಾನು ಬಸ್ಸು ಬರುವ ದಾರಿ ನೋಡಿದೆ.

"ಅವ್ನ್ ನಾಶ ಆಗ್ಬೇಕು ಅಂತ ನಂಗೂ ಅದೆ ಕಣಮ್ಮ. ನಿಮ್ಗಿಂತ ಒಂದ್ ಕೈ ಜಾಸ್ತೀನೇ ಅದೆ. ಆದ್ರೆ ಸಾಯದು ಅವ್ನ್ ಮೀನಲ್ಲ." ಲೋಟವನ್ನು ಪಕ್ಕಕ್ಕೆ ತಳ್ಳಿ ಮುಂದುವರಿಸಿದರು. "ಅವತ್ತು ಆಫ್ ಮಾಡ್ಸಿ ಅಂತ ಅವ್ನ್ ಕಿವೀಲಿ ಯೋಳುದ್ರಂತೆ. ನಾನು ಅಲ್ಲೇ ಅತ್ತ್ ಎಜ್ಜೆ ದೂರ್ದಲ್ ನಿಂತಿದ್ದೆ. ನನ್ ಕಿವೀಲಿ ಯಾಕ್ ಯೋಳ್ಲಿಲ್ಲ? ನಾನೇ ಓಗಿ ವೈರ್ ಕಿತ್ತಾಕ್ತಿದ್ನಲ್ಲ."

ಒಂದು ವರ್ಷ ಆ ಮಾತನ್ನು ಅವರು ಒಳಗಿಟ್ಟುಕೊಂಡು ನನ್ನ ಜೊತೆ ಓಡಾಡಿದ್ದರು. ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ. ಗಣ್ಯರ ಮುಂದೆ ದನಿ ಎತ್ತುವುದು ಸರಿಯಲ್ಲ ಎಂದು ಅಂದು ನಾನು ಪಿಸುಗುಟ್ಟಿದ್ದೆ. ವರದಿಯನ್ನು ಗುತ್ತಿಗೆದಾರನಿಗೆ ಕಳಿಸಿ, ಕೆರೆಯನ್ನು ನಂಬಿದವರಿಗೆ ಒಂದು ಮಾತು ಹೇಳದೆ ಬಂದಿದ್ದೆ. ಅವನು ಹರಿದದ್ದು ಒಂದು ಪುಟ. ನಾನು ಬಾಯಿ ಬಿಟ್ಟಿದ್ದರೆ ಆ ಪುಟ ಬೇಕಾಗಿಯೇ ಇರಲಿಲ್ಲ.

ನನ್ನ ಹಗೆ ಕರಗಿತು ಎಂದು ಯಾರೂ ತಿಳಿಯಬಾರದು. ಅದು ಎಳ್ಳಷ್ಟೂ ಕಮ್ಮಿಯಾಗಲಿಲ್ಲ. ಅದನ್ನು ತೀರಿಸಿಕೊಳ್ಳುವ ದಾರಿಯನ್ನು ಮಾತ್ರ ಆ ಹೋಟೆಲಿನಲ್ಲಿ ಬದಲಾಯಿಸಿಕೊಂಡೆ. ಆಟೋ ಹಿಡಿದು ಇಬ್ಬರೂ ಕೆರೆಗೆ ವಾಪಸಾದೆವು.

ಯಜಮಾನಿ ಬಲೆ ಒಣಗಿಸುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

"ಈಗ್ತಾನೆ ಚೆಂದಾಗದೆ ಅಂದ್ರಲ್ಲ?"

"ಸುಳ್ಳು ಹೇಳಿದ್ದೆ. ನಿಮ್ಮ ಮೀನು ಸತ್ತರೆ ಅವನು ಸಿಕ್ಕಿಬೀಳ್ತಾನೆ ಅಂತ."

ಅವಳು ಕೈಯಲ್ಲಿದ್ದ ಬಲೆ ಬಿಟ್ಟು ನನ್ನನ್ನೇ ನೋಡಿದಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ತಪ್ಪಿರಲಿಲ್ಲ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ನಿಮ್ ಕೆರೇಲಿ ಎಷ್ಟ್ ಉಳುದ್ವಣ್ಣ?" ಎಂದು ಕೇಳಿದಳು.

"ಜಿಲೇಬಿ ಮೀನು ಒಂದಷ್ಟು. ಕಾಟ್ಲಾ ಒಂದೂ ಇಲ್ಲ."

"ಸರಿ. ಕಂಪ್ರೆಸರ್ ಶೆಡ್ಡಿನ್ ಬೀಗದ್ ಕೈ ನಮ್ ಸಂಗದ್ ತಾವೇ ಅದೆ. ಅವ್ನು ಬರ್ಲಿ, ನಾನ್ ನೋಡ್ಕತೀನಿ. ನೀವ್ ನಿಮ್ ಬಾಟ್ಲಿ ತಗಂಡ್ ಬನ್ನಿ."

ಉದ್ಘಾಟನೆಗೆ ಶಾಮಿಯಾನ, ಕುರ್ಚಿ, ಮೈಕು ಎಲ್ಲ ಬಂದವು. ಈ ಸಲ ಗುತ್ತಿಗೆ ಕೊಟ್ಟ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರೂ ಬಂದಿದ್ದರು. ಕಾಲೇಜಿನ ಲ್ಯಾಬಿನಿಂದ ಕೇಳಿ ತಂದ ಗಾಜಿನ ಬಾಟಲಿಗಳನ್ನೂ ಎರಡು ದ್ರಾವಣಗಳನ್ನೂ ನಾನು ಒಂದು ಬೆಂಚಿನ ಮೇಲೆ ಜೋಡಿಸಿಟ್ಟೆ. ಗುತ್ತಿಗೆದಾರ ನನ್ನನ್ನು ಕಂಡು ಹುಬ್ಬೇರಿಸಿದ. ಶೆಡ್ಡು ತೆಗೆಯಲು ಅವನ ಕಡೆಯವರು ಹೋದರೆ ಬಾಗಿಲಿಗೆ ಅಡ್ಡವಾಗಿ ಯಜಮಾನಿ, ಅವಳ ಹಿಂದೆ ಇಪ್ಪತ್ತು ಹೆಂಗಸರು.

"ಎಲ್ಡ್ ನಿಮ್ಸ ತಡೀರಿ ಸಾ" ಎಂದು ಅಧಿಕಾರಿಗೆ ಹೇಳಿದಳು. "ಈ ಅಕ್ಕ ಏನೋ ತೋರುಸ್ತಾರೆ. ನೋಡಿ, ಆಮೇಲೆ ಬೀಗ ತೆಗಿತೀನಿ."

ಕೆರೆಯ ನಡುವಿಂದ ಎರಡು ಬಾಟಲಿ ನೀರು ತಂದಿದ್ದೆ. ಒಂದು ಮೇಲಿನದು. ಇನ್ನೊಂದು, ಬೇಕಾದ ಆಳದಲ್ಲಿ ತಾನೇ ಮುಚ್ಚಿಕೊಳ್ಳುವ ಕೊಳವೆಯಿಂದ ಎತ್ತಿದ ತಳದ್ದು. ಎರಡಕ್ಕೂ ಒಂದೇ ಅಳತೆಯ ದ್ರಾವಣ ಹಾಕಿ, ಮುಚ್ಚಿ, ತಲೆಕೆಳಗು ಮಾಡಿದೆ. ಮೇಲಿನ ನೀರು ಬೆಲ್ಲದ ಪಾಕದ ಹಾಗೆ ಕಂದಾಯಿತು. ತಳದ ನೀರಿನಲ್ಲಿ ಸುಣ್ಣದಂಥ ಬಿಳಿ ಗಷ್ಟು ಮಾತ್ರ ಇಳಿಯಿತು.

"ಕಂದು ಆದ್ರೆ ನೀರಲ್ಲಿ ಉಸಿರಿದೆ. ಬಿಳಿ ಆದ್ರೆ ಇಲ್ಲ" ಎಂದೆ. ಈ ಸಲ ಪಿಸುಗುಟ್ಟಲಿಲ್ಲ. ಮೈಕನ್ನೇ ಕೈಗೆ ತೆಗೆದುಕೊಂಡಿದ್ದೆ. "ಹದಿನಾರು ತಟ್ಟೆ ಒಟ್ಟಿಗೆ ಶುರು ಮಾಡಿದ್ರೆ ಈ ಬಿಳಿ ನೀರೆಲ್ಲ ಮೇಲೆ ಬರುತ್ತೆ. ನಾಳೆ ಬೆಳಿಗ್ಗೆ ಈ ಕೆರೇಲಿ ಒಂದು ಮೀನೂ ಉಳಿಯಲ್ಲ."

ಅಧಿಕಾರಿ ಎರಡೂ ಬಾಟಲಿಗಳನ್ನು ಬಿಸಿಲಿಗೆ ಹಿಡಿದು ನೋಡಿದರು. "ಶುರು ಮಾಡೋ ಕ್ರಮ ಏನ್ರೀ?" ಎಂದು ಗುತ್ತಿಗೆದಾರನನ್ನು ಕೇಳಿದರು.

ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ಎಲ್ಲಾ ಫೈಲಲ್ಲಿದೆ ಸರ್. ಹಂತ ಹಂತವಾಗಿ ಮಾಡೋದೇ ನಮ್ಮ ಪದ್ಧತಿ. ಇವತ್ತು ಕಾರ್ಯಕ್ರಮಕ್ಕೆ ಅಂತ ಸ್ವಲ್ಪ ಹೊತ್ತು..." ಎನ್ನುತ್ತ ಫೈಲು ಮುಂದೆ ಚಾಚಿದ.

ಅಧಿಕಾರಿ ಕನ್ನಡಕ ಏರಿಸಿ ಜೋರಾಗಿ ಓದಿದರು. ಮೊದಲ ದಿನ ಅರ್ಧ ಗಂಟೆ. ಮರುದಿನ ಒಂದು ಗಂಟೆ. ಪ್ರತಿ ಪದವೂ ನನ್ನದು. ಹರಿದು ತೆಗೆದ ಪುಟವನ್ನು ಅವನು ಎಸೆದಿರಲಿಲ್ಲ. ಹೊಸ ಗುತ್ತಿಗೆಯ ಕಾಗದಪತ್ರಕ್ಕೆ ತನ್ನದೆಂದು ಸೇರಿಸಿಕೊಂಡಿದ್ದ. ಸೇರಿಸುವಾಗ ಪೂರ್ತಿ ಓದಿರಲಿಲ್ಲ. ಅಧಿಕಾರಿ ಮುಂದುವರಿಸಿದರು: "...ದಿನಾ ಸೂರ್ಯ ಹುಟ್ಟುವ ಮೊದಲು ತೂಬಿನ ಪಕ್ಕದ ಮುರಿದ ವೀರಗಲ್ಲಿನ ಎದುರು ಅಳೆಯಬೇಕು."

"ನಮ್ ಕೆರೇಲಿ ವೀರಗಲ್ಲು ಎಲ್ಲದೆ ಸಾ?" ಎಂದಳು ಯಜಮಾನಿ.

ಏರಿಯ ಕೊನೆಯಿಂದ ಅಧ್ಯಕ್ಷರು ಮುಂದೆ ಬಂದರು. "ಅದು ನಮ್ ಕೆರೇದು ಸಾ. ಓದ್ ವರ್ಸ ನಮ್ ಮೀನೆಲ್ಲಾ ಸತ್ವಲ್ಲ, ಆ ಕೆರೇದು. ಅಂತಾ ಪುಟ ಇರ್ಲೇ ಇಲ್ಲ ಅಂತ ಈವಪ್ಪ ಪಂಚಾಯ್ತೀಲಿ ಯೋಳಿದ್ದ."

ಗುತ್ತಿಗೆದಾರನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೀನುಗಳು ನೀರಿನಿಂದ ಬಾಯಿ ಚಾಚಿ ಗಾಳಿ ಎಳೆಯುವುದನ್ನು ನಾನು ಎಷ್ಟೋ ನೋಡಿದ್ದೆ. ಇದನ್ನು ನೋಡಿದಷ್ಟು ತೃಪ್ತಿಯಿಂದ ಮತ್ತೆ ಯಾವುದನ್ನೂ ನೋಡಿಲ್ಲ.

ಅಂದು ಗುಂಡಿ ಒತ್ತಲಿಲ್ಲ. ಹಳೆಯ ಕೆರೆಯ ವಿಚಾರಣೆ ಮತ್ತೆ ಶುರುವಾಯಿತು. ಅಲ್ಲಿಗೆ ಅವನೇ ಮೀನುಮರಿ ತಂದು ಬಿಡಬೇಕೆಂದೂ, ಇಲ್ಲಿ ಕೆಲಸವನ್ನು ನನ್ನ ಉಸ್ತುವಾರಿಯಲ್ಲಿ ಮುಗಿಸಬೇಕೆಂದೂ ತೀರ್ಮಾನವಾಯಿತು. ನಾನು ಒಂದೇ ಷರತ್ತು ಹಾಕಿದೆ. ಬೆಳಗಿನ ಅಳತೆಯನ್ನು ಗುತ್ತಿಗೆದಾರ ತಾನೇ, ತನ್ನ ಕೈಯಿಂದಲೇ ತೆಗೆಯಬೇಕು, ಏರಿಯ ಮೇಲಿನವರಿಗೆ ಕೇಳುವಂತೆ ಕೂಗಿ ಹೇಳಬೇಕು. ಅಧಿಕಾರಿ ನಕ್ಕು ಒಪ್ಪಿದರು. ಅವನು ನಗಲಿಲ್ಲ.

ಹಾಸನದಿಂದ ಕಾರಿನಲ್ಲಿ ಅವನು ದಿನಾ ಬೆಳಗಿನ ಐದೂವರೆಗೆ ಬಂದು ಮುಟ್ಟಬೇಕಿತ್ತು. ಈಜು ಬಾರದು, ತೆಪ್ಪ ಅಲುಗಿದರೆ ಅಂಚನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ. ಮೊದಲ ದಿನ ಅರ್ಧ ಗಂಟೆ, ನಾಲ್ಕೇ ತಟ್ಟೆ. ಎರಡನೇ ದಿನ ಒಂದು ಗಂಟೆ. ಮೂರನೇ ಬೆಳಿಗ್ಗೆ ಮೇಲಿನ ನೀರಿನಲ್ಲಿ ಆಮ್ಲಜನಕ ಎರಡೂವರೆಗೆ ಇಳಿದಿತ್ತು. ಕಂಪ್ರೆಸರ್ ಮುಟ್ಟಗೊಡಲಿಲ್ಲ. ಯಜಮಾನಿ ಆ ದಿನ ಊಟ ಬಿಟ್ಟು ಏರಿಯ ಮೇಲೇ ಕೂತಿದ್ದಳು. ಒಂದೇ ಒಂದು ರೋಹು ಮೀನು ಸತ್ತು ತೇಲಿತು. ನಾಲ್ಕನೇ ದಿನ ಅಂಕಿ ಮೇಲೇರಿತು. ಶುರು ಮಾಡಬಹುದಾಗಿತ್ತು. ನಾನು ಇನ್ನೂ ಒಂದು ದಿನ ತಡೆದೆ. ಕೆರೆಗೆ ಅದು ಬೇಕಿರಲಿಲ್ಲ. ಅವನು ಇನ್ನೊಂದು ಬೆಳಗು ನಿದ್ದೆಗೆಟ್ಟು ಬರಲಿ ಎಂದು ನನಗೆ ಬೇಕಿತ್ತು.

ಆರನೇ ದಿನ ತೆಪ್ಪದಲ್ಲಿ ಅವನು ಕೇಬಲ್ ಇಳಿಸುತ್ತ, ನನ್ನ ಕಡೆ ನೋಡದೆ, "ಆ ಪುಟ ತೆಗೆದಿದ್ದು ನಾನೇ ಮೇಡಂ. ತಪ್ಪಾಯ್ತು" ಅಂದ.

"ಎಷ್ಟು ಅಡಿಗೆ ಬಂತು?"

"ಹತ್ತು."

"ರೀಡಿಂಗ್?"

"ಎರಡು ಪಾಯಿಂಟ್ ಒಂದು."

"ಜೋರಾಗಿ ಹೇಳಿ. ಏರಿ ಮೇಲೆ ಕೇಳ್ಬೇಕು."

ಅವನು ಕೂಗಿದ. ಏರಿಯ ಮೇಲಿಂದ ಹೆಂಗಸರು ಹೋ ಎಂದರು. ಹತ್ತನೇ ಅಡಿಯಲ್ಲಿ ಮೊದಲ ಸಲ ಉಸಿರು ಬಂದಿತ್ತು.

ಹನ್ನೊಂದನೇ ಬೆಳಿಗ್ಗೆ ಹದಿನಾರು ತಟ್ಟೆಗಳೂ ಓಡಿದವು. ನೀರು ಕಪ್ಪಾಗಲಿಲ್ಲ, ನಾರಲಿಲ್ಲ. ಯಜಮಾನಿ ಬಲೆ ಬೀಸಿ ಮೊಳದುದ್ದದ ಕಾಟ್ಲಾ ಒಂದನ್ನು ಎತ್ತಿ ತೋರಿಸಿ ಮತ್ತೆ ನೀರಿಗೆ ಬಿಟ್ಟಳು. ಚಪ್ಪಾಳೆ ಹೊಡೆಯಲು ಗಣ್ಯರು ಯಾರೂ ಇರಲಿಲ್ಲ.

ದಡಕ್ಕೆ ಬಂದ ಮೇಲೆ ಗುತ್ತಿಗೆದಾರ ಪ್ಯಾಂಟಿನ ಕೆಸರು ತೊಳೆದುಕೊಂಡು ನನ್ನ ಹತ್ತಿರ ಬಂದ. ಹನ್ನೊಂದು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು.

"ಇನ್ನಾದ್ರೂ ನನ್ನ ಬಿಡ್ತೀರಾ ಮೇಡಂ?"

ಪಕ್ಕದಲ್ಲಿ ಅಧ್ಯಕ್ಷರು ಬೀಡಿ ಹಚ್ಚುತ್ತಿದ್ದವರು ಕಡ್ಡಿ ಹಿಡಿದ ಕೈ ತಡೆದು ನನ್ನ ಮುಖ ನೋಡಿದರು.

"ನಿಮ್ಮ ಮುಂದಿನ ಕೆರೆ ಎಲ್ಲಿ?" ಎಂದು ಕೇಳಿದೆ.

ಅವನು ಹೇಳಬಾರದೆಂದೇ ಇದ್ದ. ಆದರೂ ಹೇಳಿದ. "ಸಾಲಗಾಮೆ ಕಡೆ."

ಸೋಮವಾರ ಬೆಳಿಗ್ಗೆ ಮೀಟರ್ ಚೀಲ ಹೆಗಲಿಗೇರಿಸಿ ನಾನು ಸಾಲಗಾಮೆಗೆ ಹೊರಟೆ. ಹಾಸನದ ಬಸ್ ನಿಲ್ದಾಣದಲ್ಲಿ ಅಧ್ಯಕ್ಷರು ನನಗಿಂತ ಮೊದಲೇ ಬಂದು ಕಿಟಕಿಯ ಪಕ್ಕ ಎರಡು ಸೀಟು ಹಿಡಿದಿದ್ದರು.